ಖಾಲಿ ಟಾಕಿಯ ಸಪ್ಪಳ

ರೇವಪ್ಪ ಕೇಳಿದ: "ತಾಯಿ, ಒಳ್ಳೆಯ ಕೆಲಸವನ್ನು ಜನರಿಗೆ ಹೆದರಿ ಗುಟ್ಟಾಗಿ ಮಾಡಿದರೆ ತಪ್ಪೇನು? ಕೆಲಸವಂತೂ ಆಯಿತಲ್ಲ. ಅದರಿಂದ ಯಾರಿಗೆ ಏನು ನಷ್ಟ?"

ರೇವಪ್ಪ ದ್ರಾಕ್ಷಿ ತೋಟದವನು. ಪ್ರತಿ ಸೋಮವಾರ ಮಠಕ್ಕೆ ಬಂದು ಒಂದು ಪ್ರಶ್ನೆ ಕೇಳುವುದು, ಒಂದು ಉತ್ತರ ಹೊತ್ತುಕೊಂಡು ಹೋಗುವುದು ಅವನ ರೂಢಿ. ನೀಲವ್ವ ತಾಯಿ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಹೊಸೆಯುವುದನ್ನು ಬಿಡದೆ ಹೇಳಿದರು:

ಒಂದು ಕತೆ ಹೇಳುತ್ತೇನೆ, ಕೇಳು. ಊರ ಹೆಸರು ಹೇಳುವುದಿಲ್ಲ. ಹೇಳಿದರೆ ನೀನು ಕತೆ ಬಿಟ್ಟು ಮನೆ ಹುಡುಕಲು ಹೋಗುತ್ತೀ. ನಾನೇ ಹೋಗಿದ್ದೆ, ಅದಕ್ಕೇ ಗೊತ್ತು. ನಾನು ಕಣ್ಣಾರೆ ಕಂಡದ್ದಲ್ಲ ಇದು, ಮೂವರ ಬಾಯಿಂದ ಕೇಳಿದ್ದು. ಆ ಮೂವರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಹಾಗಿದ್ದೂ ಮೂವರೂ ಒಂದೇ ಮಾತು ಹೇಳಿದರು ಎಂದ ಮೇಲೆ ನಿಜವೇ ಇರಬೇಕು.

ಒಂದು ಊರು. ಊರಿನ ಸುತ್ತ ದ್ರಾಕ್ಷಿ ತೋಟ. ಆ ಊರಿನಲ್ಲಿ ಒಬ್ಬ ರೈತ ಎಂಥವನು ಎಂದು ತಿಳಿಯಲು ಅವನ ಮುಖ ನೋಡಬೇಕಾಗಿರಲಿಲ್ಲ, ಹಣ್ಣನ್ನೂ ನೋಡಬೇಕಾಗಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಕಿವಿ ಕೊಟ್ಟರೆ ಸಾಕಿತ್ತು. ಟ್ರ್ಯಾಕ್ಟರಿನ ಹಿಂದೆ ಔಷಧಿ ಹೊಡೆಯುವ ಮಶಿನ್ ಕಟ್ಟಿಕೊಂಡು ಸಾಲುಗಳ ನಡುವೆ ಓಡಿಸುತ್ತಾರಲ್ಲ, ಆ ಸಪ್ಪಳ. ಯಾರ ತೋಟದಲ್ಲಿ ಅದು ಮೊದಲು ಏಳುತ್ತದೋ ಅವನು ಕಷ್ಟಜೀವಿ. ಎರಡನೆಯವನು ಪರವಾಗಿಲ್ಲ. ಯಾರ ತೋಟದಲ್ಲಿ ಸಪ್ಪಳವೇ ಇಲ್ಲವೋ ಅವನು ಕುಡಿದು ಮಲಗಿದ್ದಾನೆ, ಇಲ್ಲವೇ ಅವನ ಹೆಂಡತಿ ಓಡಿಹೋಗಿದ್ದಾಳೆ. ಮೂರನೆಯ ಕಾರಣ ಆ ಊರಿಗೆ ಹೊಳೆಯುತ್ತಿರಲಿಲ್ಲ.

ಎಲೆ ತಿರುಗಿಸಿ ಹುಳ ಇದೆಯೋ ಇಲ್ಲವೋ ಎಂದು ನೋಡುವವರು ಕಡಿಮೆ. ಪಕ್ಕದವನು ಹೊಡೆದ, ನಾನೂ ಹೊಡೆಯಬೇಕು. ಅಷ್ಟೇ ಲೆಕ್ಕ. ಸಂಜೆಯಾದರೆ ಗಂಡಸರೆಲ್ಲ ಔಷಧಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂಡುತ್ತಿದ್ದರು. ಅಂಗಡಿಯವನು ಅರಿವೆ ವ್ಯಾಪಾರಿಯ ಮಗ. ಅವನ ಕೈಗೆ ಎರಡು ಎಲೆ ಕೊಟ್ಟರೆ ದ್ರಾಕ್ಷಿ ಯಾವುದು, ಹಾಗಲ ಯಾವುದು ಹೇಳುತ್ತಿರಲಿಲ್ಲ. ಆದರೆ ಅವನು ಚಹಾ ಕುಡಿಸುತ್ತಿದ್ದ. ಚಹಾ ಕುಡಿಸಿದವನ ಮಾತು ಸುಳ್ಳು ಎನ್ನುವ ಧೈರ್ಯ ಯಾರಿಗೂ ಇಲ್ಲ.

ಆ ಊರಿನಲ್ಲಿ ಒಬ್ಬ ರೈತನಿದ್ದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನಿನಗೆ ಅವನ ಕತೆ ಹೇಳುತ್ತಲೇ ಇರಲಿಲ್ಲ. ಕೆಟ್ಟವರ ಕತೆಯಿಂದ ಯಾರೂ ಏನೂ ಕಲಿಯುವುದಿಲ್ಲ, ಬರೀ ಖುಷಿಪಡುತ್ತಾರೆ.

ಅವನಿಗೆ ಒಬ್ಬಳು ಹೆಂಡತಿ. ವಿಷ ಹೊಡೆಯುವವನು ಗಂಡಸು. ಮರುದಿನ ಆ ಎಲೆಗಳ ನಡುವೆ ಕೈಯಿಟ್ಟು ಕುಡಿ ಕಟ್ಟುವವಳು, ಎಲೆ ಚಿವುಟುವವಳು ಹೆಂಗಸು. ಇದು ಎಲ್ಲರ ತೋಟದಲ್ಲೂ ಹಾಗೆಯೇ. ಇವಳ ಅಂಗೈ ಸುಲಿಯಿತು. ಬೆರಳ ಸಂದಿ ಬಿರಿಯಿತು. ರೊಟ್ಟಿ ಬಡಿಯಲು ಕೂತರೆ ಜೋಳದ ಹಿಟ್ಟಿಗೆ ರಕ್ತ ಹತ್ತುತ್ತಿತ್ತು. ಅತ್ತೆ ಬದುಕಿದ್ದರೆ ಮೈಗಳ್ಳಿ ಎನ್ನುತ್ತಿದ್ದಳು. ಸತ್ತು ಪುಣ್ಯ ಕಟ್ಟಿಕೊಂಡಿದ್ದಳು. ಒಂದು ದಿನ ಗಂಡ ತಟ್ಟೆಯಲ್ಲಿದ್ದ ರೊಟ್ಟಿಯ ಮೇಲೆ ಕೆಂಪು ಗೆರೆ ಕಂಡ. ಆವತ್ತು ಅವನಿಗೆ ಊಟ ಸೇರಲಿಲ್ಲ.

ಹೆಂಡತಿಯ ತವರಿನಲ್ಲೂ ದ್ರಾಕ್ಷಿಯೇ. ಅಲ್ಲಿ ವಿಷ ಬಿಟ್ಟು ನಾಲ್ಕು ಸುಗ್ಗಿ ಕಳೆದಿತ್ತು. ಅವಳ ತಮ್ಮ ಬಂದ, ಎರಡು ದಿನ ಇದ್ದ, ಎಲ್ಲ ತೋರಿಸಿಕೊಟ್ಟ. ಎಲೆ ದಟ್ಟವಾಗಲು ಬಿಡಬೇಡಿ, ಗೊಂಚಲಿಗೆ ಗಾಳಿ ಆಡಲಿ. ಬೂದಿ ರೋಗ ಕಂಡರೆ ಹುಳಿ ಮಜ್ಜಿಗೆ ನೀರಲ್ಲಿ ಕಲಸಿ ಹೊಡೆಯಿರಿ. ಹುಳಕ್ಕೆ ಬೇವಿನ ಬೀಜದ ಕಷಾಯ. ಮಳೆ ಹಿಡಿದರೆ ಮಾತ್ರ ಸುಣ್ಣ, ಮೈಲುತುತ್ತ. ರೈತ ಮೊದಲು ನಾಲ್ಕು ಸಾಲಿಗೆ ಮಾಡಿ ನೋಡಿದ. ಆ ನಾಲ್ಕು ಸಾಲು ಚೆನ್ನಾಗಿ ಬಂದವು. ಇಡೀ ತೋಟಕ್ಕೆ ಮಾಡಿದ. ತೋಟವೂ ನಿಂತಿತು, ಹೆಂಡತಿಯ ಕೈಯೂ ಮಾಯಿತು. ಅವನು ಅವಳ ಅಂಗೈ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದನಂತೆ. ಇದನ್ನು ಹೇಳಿದವಳು ಪಕ್ಕದ ಮನೆಯವಳು. ಅವಳು ಕಿಟಕಿಯಿಂದ ನೋಡಿದ್ದಳು. ಯಾಕೆ ನೋಡಿದೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಮುಂದಿನದನ್ನು ಹೇಳುತ್ತಿರಲಿಲ್ಲ.

ಇಲ್ಲಿಯವರೆಗೆ ಎಲ್ಲ ಸರಿ. ಇನ್ನು ಮೇಲೆ ನೋಡು.

ವಿಷ ಬಿಟ್ಟ ಮೇಲೆ ತೋಟದಲ್ಲಿ ಸಪ್ಪಳ ನಿಂತಿತು. ಮೂರೇ ದಿನ. ನಾಲ್ಕನೆಯ ದಿನ ಬೆಂಚಿನ ಮೇಲೆ ಪಕ್ಕದ ತೋಟದವನು ಕೇಳಿದ:

"ಯಾಕೋ ತಮ್ಮಾ, ನಿನ್ನ ಮಶಿನ್ ಸತ್ತಿತೋ, ನೀನೇ ಸತ್ತೆಯೋ?"

ಎಲ್ಲರೂ ನಕ್ಕರು. ಅಂಗಡಿಯವನು ಚಹಾ ಕೊಡುತ್ತ, "ಹೆಂಡತಿ ಏಳಗೊಡುವುದಿಲ್ಲ ಅಂತ ಕಾಣುತ್ತದೆ" ಎಂದ. ಮತ್ತೆ ನಕ್ಕರು.

ಆಗ ರೈತ ಒಂದು ಮಾತು ಹೇಳಬಹುದಿತ್ತು. "ವಿಷ ಬಿಟ್ಟಿದ್ದೇನೆ, ಬಂದು ನೋಡಿ" ಎಂದರೆ ಮುಗಿಯುತ್ತಿತ್ತು. ಆದರೆ ಯಾರು ಕಲಿಸಿದರು ಎಂದು ಕೇಳುತ್ತಾರೆ. ಹೆಂಡತಿಯ ತಮ್ಮ ಎನ್ನಬೇಕಾಗುತ್ತದೆ. ಹೆಂಡತಿಯ ತವರಿನ ಬುದ್ಧಿ, ಅದರಲ್ಲೂ ಅವಳಿಗಿಂತ ಚಿಕ್ಕವನದು. ಆ ಊರಿನಲ್ಲಿ ಗಂಡಸು ತವರಿನಿಂದ ಎಮ್ಮೆ ತರಬಹುದು, ಬಂಗಾರ ತರಬಹುದು, ಬುದ್ಧಿ ತರುವಂತಿಲ್ಲ.

ಅವನು, "ಮಶಿನ್ ರಿಪೇರಿಗೆ ಕೊಟ್ಟಿದ್ದೆ, ನಾಳೆ ಬರುತ್ತದೆ" ಎಂದ.

ಮರುದಿನ ಬೆಳಕು ಹರಿಯುವ ಮೊದಲೇ ಟ್ರ್ಯಾಕ್ಟರಿಗೆ ಮಶಿನ್ ಕಟ್ಟಿದ. ಔಷಧಿ ತುಂಬುವ ಟಾಕಿ ಖಾಲಿ. ಪಂಪು ಕಳಚಿಟ್ಟು ಬರೀ ಫ್ಯಾನು ತಿರುಗಿಸುತ್ತ ಸಾಲು ಸಾಲು ಓಡಾಡಿ ಬಂದ. ಗಾಳಿ ಹೊಡೆದು ಬಂದ, ಗಾಳಿ! ಹಾದಿಯ ಮೇಲೆ ಬಿದ್ದಿದ್ದ ಬೇರೆಯವರ ಖಾಲಿ ಔಷಧಿ ಡಬ್ಬಿಗಳನ್ನು ಆರಿಸಿ ತಂದು ತನ್ನ ತೋಟದ ಬಾಗಿಲಲ್ಲಿ ಚೆಲ್ಲಿದ. ಆವತ್ತಿನಿಂದ ಊರಿನಲ್ಲಿ ಮೊದಲು ಏಳುವ ಸಪ್ಪಳ ಅವನದೇ ಆಯಿತು. ಬೆಂಚಿನ ಮೇಲೆ ಅವನಿಗೆ ನಡುವಿನ ಜಾಗ ಸಿಕ್ಕಿತು.

ಪಕ್ಕದ ತೋಟದವನು ಹಾಸಿಗೆಯಲ್ಲಿ ಎದ್ದು ಕೂತ. ಇವನು ದಿನ ಬಿಟ್ಟು ದಿನ ಹೊಡೆದರೆ ಇವನ ಹುಳವೆಲ್ಲ ನನ್ನ ಕಡೆ ಬರುತ್ತದೆ ಎಂದುಕೊಂಡು ತಾನೂ ದಿನ ಬಿಟ್ಟು ದಿನ ಹೊಡೆಯತೊಡಗಿದ. ಅವನ ಟಾಕಿ ಖಾಲಿಯಾಗಿರಲಿಲ್ಲ.

ಇನ್ನು ಮಜ್ಜಿಗೆ. ದಿನಕ್ಕೆ ಒಂದು ಕೊಡವಾದರೂ ಹುಳಿ ಮಜ್ಜಿಗೆ ಬೇಕು. ಮನೆಯ ಒಂದು ಎಮ್ಮೆಯಿಂದ ಎಲ್ಲಿ ಆಗುತ್ತದೆ? ಊರ ಹೊರಗೆ ಒಬ್ಬ ಗೌಳಿ ಇದ್ದ, ಎಮ್ಮೆ ಕಟ್ಟಿದವನು. ಬೆಣ್ಣೆ ಮಾರಿ ಉಳಿದ ಮಜ್ಜಿಗೆಯನ್ನು ಚೆಲ್ಲುತ್ತಿದ್ದ. ರೈತ ತಾನೇ ಹೋಗಿ ತರಬಹುದಿತ್ತು. ಗಂಡಸು ಕೊಡ ಹೊತ್ತರೆ ಜನ ಕೇಳುತ್ತಾರೆ. ಹೆಂಡತಿಯನ್ನು ಕಳಿಸಿದ.

"ಮೇಲೆ ಅರಿವೆ ಮುಚ್ಚಿಕೊಂಡು ಬಾ" ಎಂದ.

ಅವಳು ಗೌಳಿಗೆ, "ಅಣ್ಣಾ, ಇದು ಯಾಕೆ ಅಂತ ಯಾರಿಗೂ ಹೇಳಬೇಡ" ಎಂದಳು. ಗೌಳಿ, "ಆಗಲಿ ತಂಗಿ" ಎಂದ. ಪ್ರತಿ ಸಂಜೆ ಅವಳು ಹೋಗುವುದು, ಮುಚ್ಚಿದ ಕೊಡ ಹೊತ್ತು ಬರುವುದು, ಬೆನ್ನಿಗೆ ಕೈಪಂಪು ಕಟ್ಟಿಕೊಂಡು ನಾಲ್ಕು ಸಾಲು ಹೊಡೆಯುವುದು. ಹೀಗೆ ಒಂದು ಸುಗ್ಗಿ ಕಳೆಯಿತು.

ಆ ಗೌಳಿ ಹೆಂಡತಿ ಸತ್ತವನು. ಮೀಸೆ ಇತ್ತು. ಊರಿಗೆ ಇಷ್ಟು ಸಾಲದೇ?

ಮೊದಲು ಬಾವಿಯ ಹತ್ತಿರ ಒಬ್ಬಳು ಅಂದಳು: "ಮನೆಯಲ್ಲಿ ಎಮ್ಮೆ ಇಟ್ಟುಕೊಂಡು ಗೌಳಿಯ ಮನೆಗೆ ಯಾಕೆ ಹೋಗುತ್ತಾಳೆ?" ಇನ್ನೊಬ್ಬಳು, "ಗೌಳಿಯ ಮನೆಗೆ ಎಮ್ಮೆ ನೋಡಲು ಹೋಗುತ್ತಾರೇನೇ ಹುಚ್ಚಿ" ಎಂದಳು. ಮೂರನೆಯವಳು ಏನೂ ಅನ್ನಲಿಲ್ಲ, ಸೆರಗು ಬಾಯಿಗೆ ಹಿಡಿದಳು. ಹೆಚ್ಚು ಕೆಲಸ ಮಾಡಿದ್ದು ಆ ಸೆರಗೇ. ವಾರದಲ್ಲಿ ಇಡೀ ಊರಿಗೆ ಎಲ್ಲ ಗೊತ್ತಾಯಿತು. ಅವಳ ಕೈ ಮಾಯ್ದದ್ದು ಕೂಡ ಸಾಕ್ಷಿಯಾಯಿತು. "ನಮ್ಮ ಕೈ ನೋಡಿ, ಅವಳ ಕೈ ನೋಡಿ. ತೋಟದಲ್ಲಿ ದುಡಿಯುವವಳ ಕೈಯೇ ಅದು? ಯಾರಿಗಾಗಿ ಅಷ್ಟು ನಯ?"

ಮಾತು ರೈತನ ಕಿವಿಗೂ ಬಿತ್ತು. ಬೆಂಚಿನ ಮೇಲೆ ಅವನು ಬಂದರೆ ಮಾತು ನಿಲ್ಲುತ್ತಿತ್ತು. ಅವನಿಗೂ ತಿಳಿಯಿತು. ತಿಳಿದೂ ಸುಮ್ಮನಿದ್ದ.

ಪಕ್ಕದ ತೋಟದವನ ಸೊಸೆ ಬಸುರಿ. ಕುಬುಸದ ಕಾರ್ಯ ಇಟ್ಟುಕೊಂಡರು. ರೈತನ ಹೆಂಡತಿ ಹೋದಳು. ಎರಡೂ ಮನೆಯವರು ಒಂದೇ ಒಲೆಯ ಬೆಂಕಿ ತಂದು ಹಚ್ಚಿಕೊಂಡವರು, ಹೋಗದೆ ಇರುತ್ತಾಳೆಯೇ? ಮುತ್ತೈದೆಯರು ಸಾಲಾಗಿ ಕೂತಿದ್ದರು. ಅರಿಷಿಣ ಕುಂಕುಮದ ತಟ್ಟೆ ಬಂತು. ಅವಳ ಬಲಗಡೆಯವಳಿಗೆ ಹಚ್ಚಿದರು. ತಟ್ಟೆ ಮುಂದೆ ಹೋಗಿ ಎಡಗಡೆಯವಳಿಗೆ ಹಚ್ಚಿದರು. ನಡುವೆ ಕೂತವಳು ಗಾಳಿ. ಯಾರೂ ಬೈಯಲಿಲ್ಲ, ಯಾರೂ ಎದ್ದು ಹೋಗು ಎನ್ನಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಅವಳು ಮನೆಗೆ ಬಂದು ಗಂಡನಿಗೆ ಹೇಳಿದಳು: "ಒಂದು ಮಾತು ಹೇಳಿಬಿಡಿ. ನನ್ನ ಕೊಡದಲ್ಲಿ ಏನಿರುತ್ತದೆ ಅಂತ, ಅಷ್ಟೇ."

ಅವನು ಅಂದ: "ಜನರ ಬಾಯಿ ಎರಡು ದಿನ. ಹಣ್ಣು ಇಳಿಯಲಿ. ಆಮೇಲೆ ನಾನೇ ಹೇಳುತ್ತೇನೆ."

ರೇವಪ್ಪಾ, ಇದನ್ನು ನೆಟ್ಟಗೆ ನೋಡು. ಅವನ ಮುಂದೆ ಎರಡು ಅವಮಾನ ಇದ್ದವು. ಇವನು ಔಷಧಿ ಹೊಡೆಯದ ರೈತ ಅನ್ನಿಸಿಕೊಳ್ಳುವುದು ಒಂದು. ಇವನ ಹೆಂಡತಿ ಹಾದರಗಿತ್ತಿ ಅನ್ನಿಸಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಅವನು ಹೊರಬೇಕಿತ್ತು. ಎರಡನೆಯದನ್ನು ಅವಳು ಹೊರಬೇಕಿತ್ತು. ತೂಕ ಹಾಕಿ ನೋಡಿ ಹಗುರಾದದ್ದು ಯಾವುದು ಎಂದು ಅವನು ತೀರ್ಮಾನ ಮಾಡಿದ. ಬಾಯಲ್ಲಿ ಹೇಳಲಿಲ್ಲ, ಪಾಪ. ಸುಮ್ಮನಿದ್ದು ಮಾಡಿದ.

ಹಣ್ಣು ಇಳಿಯುವ ಮೊದಲೇ ಊರ ಹಿರಿಯರು ಊರಬಾಗಿಲಲ್ಲಿ, ಅಗಸಿಯ ಕಟ್ಟೆಯ ಮೇಲೆ ಸೇರಿದರು. ಗೌಳಿಯನ್ನು ಕರೆಸಿದರು. ಎಮ್ಮೆ ಬಿಚ್ಚಿಕೊಂಡು ಊರು ಬಿಟ್ಟು ಹೋಗಬೇಕು ಎನ್ನುವ ಮಾತು ಆಗಲೇ ಆಗಿತ್ತು. ಕೇಳುವುದು ಶಾಸ್ತ್ರಕ್ಕೆ. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಗೋಡೆಯ ಹಿಂದೆ. ಆವತ್ತು ಯಾರ ಮನೆಯಲ್ಲೂ ಒಲೆ ಹೊತ್ತಿರಲಿಲ್ಲವಂತೆ. ಹೊತ್ತುತ್ತದೆಯೇ, ಅಂಥದ್ದನ್ನು ಬಿಟ್ಟು!

ಹಿರಿಯ ಗೌಳಿಯನ್ನು ಕೇಳಿದ: "ಆಕೆ ದಿನಾ ನಿನ್ನ ಮನೆಗೆ ಯಾಕೆ ಬರುತ್ತಾಳೆ?"

ಗೌಳಿ ಅಂದ: "ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ."

ಗೋಡೆಯ ಹಿಂದೆ ಸದ್ದಾಯಿತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಹಿರಿಯ ರೈತನ ಕಡೆ ತಿರುಗಿದ. ದನಿ ಸಣ್ಣದು ಮಾಡಿ, ಮಗನನ್ನು ಕೇಳುವ ಹಾಗೆ ಕೇಳಿದ: "ತಮ್ಮಾ, ನೀನಾದರೂ ಹೇಳು. ನಿನ್ನ ಹೆಂಡತಿ ಅಲ್ಲಿಗೆ ಯಾಕೆ ಹೋಗುತ್ತಾಳೆ?"

ರೈತ ಬೆಂಚಿನ ಗೆಳೆಯರನ್ನು ನೋಡಿದ. ಅಂಗಡಿಯವನನ್ನು ನೋಡಿದ. ಪಕ್ಕದ ತೋಟದವನನ್ನು ನೋಡಿದ. ಆಮೇಲೆ ತನ್ನ ಕಾಲಲ್ಲಿದ್ದ ಕಾಲ್ಮರಿ ನೋಡುತ್ತ ಹೇಳಿದ:

"ನನಗೆ ಗೊತ್ತಿಲ್ಲ."

ಗೋಡೆಯ ಹಿಂದೆ ಅವಳೂ ನಿಂತಿದ್ದಳು. ಯಾರೂ ಅವಳ ಹತ್ತಿರ ನಿಂತಿರಲಿಲ್ಲ. ಆದ್ದರಿಂದ ಅವಳು ನಡೆದುಹೋದದ್ದನ್ನು ಎಲ್ಲರೂ ನೋಡಿದರು. ಎದ್ದುಹೋದಳು, ತಪ್ಪು ಒಪ್ಪಿಕೊಂಡಳು ಎಂದರು. ಅವಳು ಮನೆಗೆ ಹೋಗಿ ಹಿಂದಿನ ದಿನದ ಕೊಡ ಹೊತ್ತು ತಂದಳು. ಕಟ್ಟೆಯ ಮುಂದೆ ನಿಂತು ಅರಿವೆ ತೆಗೆದಳು, ಕೊಡ ಬೋರಲು ಹಾಕಿದಳು. ಹುಳಿ ಮಜ್ಜಿಗೆ ಕಟ್ಟೆಯ ಕೆಳಗೆ ಹರಿಯಿತು. ಹಿರಿಯರು ಕಾಲು ಮೇಲೆತ್ತಿ ಕೂತರು. ನಾತ ಆ ಮಟ್ಟಕ್ಕಿತ್ತು.

"ನನ್ನ ಮಿಂಡ ಇವನೇ ನೋಡಿ" ಎಂದಳು. "ಬೂದಿ ರೋಗಕ್ಕೆ ಹೊಡೆಯುತ್ತೇವೆ. ಎರಡನೆಯ ಸುಗ್ಗಿ ಇದು. ನಮ್ಮ ತೋಟದಲ್ಲಿ ವಿಷ ಇಲ್ಲ. ನಂಬಿಕೆ ಇಲ್ಲದವರು ಹೋಗಿ ಮಶಿನ್ ಟಾಕಿ ನೋಡಿ ಬನ್ನಿ."

ಹೋದರು. ಇಡೀ ಊರೇ ಹೋಯಿತು. ಹಿರಿಯ ತನ್ನ ಬಡಿಗೆಯಿಂದ ಟಾಕಿಗೆ ಬಡಿದ. ಒಣಗಿದ ಸೋರೆ ಬುರುಡೆಯ ಹಾಗೆ ಸದ್ದು ಬಂತು. ಮುಚ್ಚಳ ತೆಗೆದು ಬಗ್ಗಿ ನೋಡಿದ. ಒಳಗೆ ಜೇಡ ಬಲೆ ಕಟ್ಟಿತ್ತು. ಜೇಡ ಬದುಕಿತ್ತು, ಮರಿಗಳೂ ಇದ್ದವು.

ಮೊದಲು ಒಬ್ಬ ಮುದುಕಿ ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ಪಕ್ಕದ ತೋಟದವನು ಮಾತ್ರ ನಗಲಿಲ್ಲ.

"ನಿನ್ನ ಸಪ್ಪಳ ಕೇಳಿ ಕೇಳಿ ಎರಡು ಸುಗ್ಗಿ ವಿಷ ಸುರಿದೆನಲ್ಲೋ ಖೋಡಿ! ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದಾಳೆ. ಅವಳೇ ಕುಡಿ ಕಟ್ಟಿದವಳು. ಒಂದು ಮಾತು ಅನ್ನಬಾರದಾಗಿತ್ತೇನೋ?"

ಪಕ್ಕದ ತೋಟದವನ ಹೆಂಡತಿ ಮನೆಗೆ ಓಡಿಹೋಗಿ ಕುಂಕುಮದ ತಟ್ಟೆ ತಂದಳು. ಎಲ್ಲರ ಮುಂದೆ ರೈತನ ಹೆಂಡತಿಗೆ ಹಚ್ಚಿದಳು, ಅತ್ತಳು. ಅವಳು ಹಚ್ಚಿಸಿಕೊಂಡಳು. ಗೌಳಿ ಅಣ್ಣನಿಗೆ ಕೈ ಮುಗಿದಳು. ಆಮೇಲೆ ಗಂಡನ ಮುಂದೆ ಹೋಗಿ ನಿಂತು ಮೆಲ್ಲಗೆ ಹೇಳಿದಳು:

"ಊರಿಗೆ ಗೊತ್ತಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಿಮಗೆ ಗೊತ್ತಿತ್ತಲ್ಲ?"

ಮಧ್ಯಾಹ್ನದ ಬಸ್ಸಿಗೆ ಅವಳು ತವರಿಗೆ ಹೋದಳು. ಎರಡು ಸೀರೆ, ಬೆನ್ನಿನ ಪಂಪು, ಇಷ್ಟೇ ತೆಗೆದುಕೊಂಡು ಹೋದಳು.

ಮುಂದಿನದು ಕೇಳು. ವಾರದೊಳಗೆ ಗೌಳಿಯ ಮನೆಯ ಮುಂದೆ ಕೊಡಗಳ ಸಾಲು ನಿಂತಿತು. ಈಗ ಯಾರ ಕೊಡಕ್ಕೂ ಅರಿವೆ ಇಲ್ಲ. ಮೊದಲು ಬಂದವಳು ಯಾರು ಗೊತ್ತೇ? ಬಾವಿಯ ಹತ್ತಿರ ಸೆರಗು ಬಾಯಿಗೆ ಹಿಡಿದವಳು. ಒಬ್ಬರ ತೋಟದಲ್ಲಿ ಸಪ್ಪಳ ನಿಂತಿತು. ನಗುವವರಿಲ್ಲ ಎಂದು ಗೊತ್ತಾದ ಮೇಲೆ ಇನ್ನೊಬ್ಬರ ತೋಟದಲ್ಲೂ ನಿಂತಿತು. ಮುಂದಿನ ಸುಗ್ಗಿಗೆ ಅರ್ಧ ಊರು ವಿಷ ಬಿಟ್ಟಿತು. ಹುಳ ಅಷ್ಟೊಂದು ಇರಲೇ ಇಲ್ಲ, ರೇವಪ್ಪಾ. ಇದ್ದದ್ದು ಪಕ್ಕದವನು ಏನಂದಾನು ಎನ್ನುವ ಅಂಜಿಕೆ. ಪಕ್ಕದವನ ಎದೆಯಲ್ಲೂ ಅದೇ ಇತ್ತು. ಅಂಗಡಿಯವನು ಈಗ ಬೇವಿನ ಹಿಂಡಿ ಮಾರುತ್ತಾನಂತೆ. ಚಹಾ ಮಾತ್ರ ಹಾಗೆಯೇ ಇದೆ.

ಎರಡು ವರ್ಷ ಕಳೆದ ಮೇಲೆ ಊರಿನವರು ಒಂದು ಸಭೆ ಮಾಡಿದರು. ಊರಿಗೆ ದಾರಿ ತೋರಿಸಿದವನು ಎಂದು ರೈತನನ್ನು ಕರೆದು ಶಾಲು ಹೊದಿಸಿದರು, ಹಾರ ಹಾಕಿದರು. ಅವನೂ ನಾಲ್ಕು ಮಾತಾಡಿದ. ಎಲೆಯ ಮಾತಾಡಿದ, ಮಜ್ಜಿಗೆಯ ಮಾತಾಡಿದ, ಗಾಳಿಯ ಮಾತಾಡಿದ. ಹೆಂಡತಿಯ ತಮ್ಮನ ಹೆಸರು ಬರಲಿಲ್ಲ. ಗೌಳಿಯ ಹೆಸರು ಬರಲಿಲ್ಲ. ಅವಳ ಹೆಸರು ನಾಲಿಗೆಯ ತುದಿಗೆ ಬಂದಿತ್ತು ಎಂದು ಮುಂದೆ ಕೂತಿದ್ದವಳು ಹೇಳುತ್ತಾಳೆ. ತುದಿಯಲ್ಲೇ ಉಳಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ಅವನು ಶಾಲು ಹೊದ್ದುಕೊಂಡು ಮನೆಗೆ ಹೋದ, ಬೀಗ ತೆಗೆದ, ಒಲೆ ಹಚ್ಚಿದ, ತನಗೆ ಬೇಕಾದ ಒಂದೂವರೆ ರೊಟ್ಟಿ ತಾನೇ ಬಡಿದುಕೊಂಡ.

ನೀಲವ್ವ ತಾಯಿ ಹೊಸೆದ ಬತ್ತಿಗಳನ್ನು ಒಂದು ಕಡೆ ಜೋಡಿಸಿಟ್ಟರು. ಕತೆ ಮುಗಿದ ಹಾಗಿತ್ತು. ರೇವಪ್ಪ ಏಳಲಿಲ್ಲ. ಕೂತಲ್ಲಿಂದಲೇ ಕೇಳಿದ:

"ಅವಳು ತಿರುಗಿ ಬಂದಳೇ, ತಾಯಿ?"

"ಅವಳು ಬಂದಳೇ ಅಂತ ಕೇಳಿದೆ ಮಗಾ, ಅವನು ಕರೆಯಲು ಹೋದನೇ ಅಂತ ಕೇಳಬೇಕು ಎಂದು ನಿನಗೂ ಅನ್ನಿಸಲಿಲ್ಲವಲ್ಲ."